ಹಳೆಯ ಮಿನಿ ಟ್ರ್ಯಾಕ್ಟರಿನ ಹೈಡ್ರಾಲಿಕ್ ಸೋರಿಕೆ: ಪತ್ತೆ ಮತ್ತು ದುರಸ್ತಿ

ಅಡಿಕೆ ತೋಟಕ್ಕೆ, ದ್ರಾಕ್ಷಿ ಚಪ್ಪರದ ಅಡಿಗೆ, ಕಬ್ಬಿನ ಸಾಲಿಗೆ ಎಂದು ಕೊಳ್ಳುವ 15ರಿಂದ 28 ಎಚ್‌ಪಿಯ ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರುಗಳಲ್ಲಿ ಎಲ್ಲೂ ಎಣ್ಣೆ ಪಸೆ ಇಲ್ಲದ ಗಾಡಿ ಸಿಗುವುದು ಅಪರೂಪ. ಪಸೆ ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ. ಆದರೆ ಕಂಡಲ್ಲೆಲ್ಲ ಆಯಿಲ್ ಸೀಲ್ ಬದಲಿಸುತ್ತಾ ಹೋದರೆ ದುಡ್ಡು ಹೋಗುತ್ತದೆ, ಸೋರಿಕೆ ಉಳಿಯುತ್ತದೆ. ಎಣ್ಣೆ ಎಲ್ಲಿ ತೊಟ್ಟಿಕ್ಕುತ್ತದೆ ಎಂಬುದು ಒಂದು ವಿಷಯ, ಎಲ್ಲಿಂದ ಹೊರಡುತ್ತದೆ ಎಂಬುದು ಇನ್ನೊಂದು. ಅಲ್ಲಿದ್ದ ಸೀಲ್ ಯಾಕೆ ಹಾಳಾಯಿತು ಎಂಬುದು ಮೂರನೆಯದು. ಮೂರಕ್ಕೂ ಉತ್ತರ ಸಿಗದೆ ಸ್ಪ್ಯಾನರ್ ಹಿಡಿಯಬಾರದು.

ಸೋರಿಕೆ ಎಷ್ಟೆಂದು ಮೊದಲು ಅಳೆಯಿರಿ. ಸುಮಾರು 20 ಹನಿಗೆ 1 ಮಿಲಿ ಲೀಟರ್ ಎಂದು ಹಿಡಿಯಿರಿ. ಸೆಕೆಂಡಿಗೊಂದು ಹನಿ ಬಿದ್ದರೆ ಗಂಟೆಗೆ 180 ಮಿಲಿ ಲೀಟರ್. 8 ಗಂಟೆ ಕೆಲಸ ಮಾಡಿದರೆ ಹತ್ತಿರ ಹತ್ತಿರ ಒಂದೂವರೆ ಲೀಟರ್. ಹತ್ತು ಸೆಕೆಂಡಿಗೊಂದು ಹನಿಯಾದರೆ ಅದೇ 8 ಗಂಟೆಗೆ ಸುಮಾರು 150 ಮಿಲಿ ಲೀಟರ್ ಅಷ್ಟೇ. ಎರಡನೆಯದನ್ನು ಲೆವೆಲ್ ನೋಡಿಕೊಂಡು ಸುಗ್ಗಿ ಮುಗಿಯುವವರೆಗೆ ಓಡಿಸಬಹುದು. ಮೊದಲನೆಯದನ್ನು ಇವತ್ತೇ ನಿಲ್ಲಿಸಬೇಕು.

ಮೂರು ಭಾಗ, ಮೂರು ಲಕ್ಷಣ

ಇಂಥ ಬಹುತೇಕ ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್‌ಗೆ ಬೇರೆ ಟ್ಯಾಂಕ್ ಇರುವುದಿಲ್ಲ. ಗೇರ್‌ಬಾಕ್ಸ್ ಹೌಸಿಂಗ್‌ನಲ್ಲಿರುವ ಎಣ್ಣೆಯೇ ಉಪಕರಣ ಎತ್ತಿಳಿಸುವ ಲಿಫ್ಟಿಗೂ ಹೋಗುತ್ತದೆ. ಗೇರ್ ಪಂಪು ಅದನ್ನು ಜಾಲರಿ ಫಿಲ್ಟರಿನ ಮೂಲಕ ಎಳೆದುಕೊಂಡು ಕಂಟ್ರೋಲ್ ವಾಲ್ವಿಗೆ ಕಳಿಸುತ್ತದೆ. ಇದನ್ನೇ ಹಲವು ವರ್ಕ್‌ಶಾಪುಗಳಲ್ಲಿ ಡಿಸ್ಟ್ರಿಬ್ಯೂಟರ್ ಎನ್ನುತ್ತಾರೆ. ಅಲ್ಲಿಂದ ಎಣ್ಣೆ ಲಿಫ್ಟ್ ಸಿಲಿಂಡರಿಗೆ ಹೋಗಿ ಪಿಸ್ಟನ್ ತಳ್ಳುತ್ತದೆ. ಒತ್ತಡ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತದೆ. ಮಾಡೆಲ್ ನೋಡಿಕೊಂಡು ಇದು ಸಾಮಾನ್ಯವಾಗಿ 150ರಿಂದ 180 ಬಾರ್ ಆಸುಪಾಸಿನಲ್ಲಿರುತ್ತದೆ.

ಹೌಸಿಂಗ್ ಕಡೆಯ ಸೋರಿಕೆ ಗಾಡಿ ನಿಂತಿದ್ದಾಗಲೂ ಜಿನುಗುತ್ತದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದರೆ ಕೆಳಗೆ ಕಲೆ ಇರುತ್ತದೆ. ಪಂಪಿನಿಂದ ಸಿಲಿಂಡರಿನವರೆಗಿನ ಒತ್ತಡದ ಕಡೆಯದು ಲಿಫ್ಟ್ ಎತ್ತುವಾಗ ಮಾತ್ರ ಜೋರಾಗುತ್ತದೆ, ಎಂಜಿನ್ ಐಡಲ್‌ನಲ್ಲಿ ಸುಮ್ಮನೆ ಓಡುತ್ತಿದ್ದರೆ ಒಂದು ಹನಿಯೂ ಕಾಣದೇ ಇರಬಹುದು. ಪಂಪಿನ ಹಿಂದಿನ ಎಳೆತದ ಪೈಪಿನದು ಇನ್ನೂ ಮೋಸದ್ದು. ಎಂಜಿನ್ ಓಡುವಾಗ ಅದು ಎಣ್ಣೆ ಬಿಡುವುದಿಲ್ಲ, ಗಾಳಿ ಎಳೆದುಕೊಳ್ಳುತ್ತದೆ. ಆದ್ದರಿಂದ ನಿಂತಾಗ, ಐಡಲ್‌ನಲ್ಲಿ, ಭಾರ ಎತ್ತಿದಾಗ ಹೀಗೆ ಮೂರು ಸ್ಥಿತಿಯಲ್ಲಿ ಗಾಡಿಯನ್ನು ನೋಡಿದರೆ ಅರ್ಧ ಪತ್ತೆ ಮುಗಿದಂತೆ.

ಕೈ ಹಾಕುವ ಮುನ್ನ

ರೋಟವೇಟರ್, ಕಲ್ಟಿವೇಟರ್ ಏನಿದ್ದರೂ ನೆಲಕ್ಕಿಳಿಸಿ. ಎಂಜಿನ್ ಆಫ್ ಮಾಡಿ. ಆಮೇಲೆ ಲಿಫ್ಟ್ ಲಿವರನ್ನು ಮೇಲೆ ಕೆಳಗೆ ನಾಲ್ಕೈದು ಸಲ ಆಡಿಸಿ ಪೈಪಿನೊಳಗಿನ ಒತ್ತಡ ಬಿಡಿಸಿ. ಟಿಪ್ಪಿಂಗ್ ಟ್ರೇಲರಿನ ಲಿವರ್ ಇದ್ದರೆ ಅದನ್ನೂ ಆಡಿಸಿ. ಎತ್ತಿದ ಉಪಕರಣದ ಕೆಳಗೆ ಕೆಲಸ ಮಾಡಲೇಬೇಕಾದರೆ ಗಟ್ಟಿ ಮರದ ದಿಮ್ಮಿ ಕೊಡಿ, ಹೈಡ್ರಾಲಿಕ್ ನಂಬಿ ಕೆಳಗೆ ನುಸುಳಬೇಡಿ. ಸೋರುತ್ತಿರುವ ಲಿಫ್ಟು ಯಾವ ಗಳಿಗೆಯಲ್ಲಿ ಕುಸಿಯುತ್ತದೋ ಹೇಳಲಾಗದು.

ಇನ್ನೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಒತ್ತಡದಲ್ಲಿರುವ ಹೋಸ್ ಪೈಪನ್ನು ಬರಿಗೈಯಲ್ಲಿ ಸವರಿ ಸೋರಿಕೆ ಹುಡುಕಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿದ್ದು ಚರ್ಮ ಸೀಳಿ ಒಳಹೋಗುತ್ತದೆ, ಕೈಗವಸೂ ತಡೆಯುವುದಿಲ್ಲ. ಗಾಯ ನೋಡಿದರೆ ಜಾಲಿ ಮುಳ್ಳು ಚುಚ್ಚಿದಷ್ಟೇ ಇರುತ್ತದೆ, ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಕೈ ಊದಿ ಒಳಗಿನ ಮಾಂಸ ಕೊಳೆಯಲು ಶುರುವಾಗುತ್ತದೆ. ಅರಿಶಿನ ಹಚ್ಚಿ ಕಾಯಬೇಡಿ. ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ತಕ್ಷಣ ಹೋಗಿ, ‘ಒತ್ತಡದ ಎಣ್ಣೆ ಒಳಗೆ ಹೋಗಿದೆ’ ಎಂದು ಬಾಯಿಬಿಟ್ಟು ಹೇಳಿ. ಹುಡುಕಲು ರಟ್ಟಿನ ತುಂಡು ಸಾಕು. ಮಾರುದ್ದದ ಕೋಲಿಗೆ ರಟ್ಟು ಕಟ್ಟಿ ಪೈಪಿನ ಉದ್ದಕ್ಕೂ ಹಿಡಿದರೆ ತೂತಿನೆದುರು ಒದ್ದೆ ಗೆರೆ ಮೂಡುತ್ತದೆ.

ಯಾವ ಎಣ್ಣೆ ಸೋರುತ್ತಿದೆ?

ಬಿಳಿ ಕಾಗದದ ಮೇಲೆ ಒಂದು ಹನಿ ಹಿಡಿಯಿರಿ. ಕಪ್ಪಗೆ ಮಸಿಯಂತಿದ್ದರೆ ಎಂಜಿನ್ ಆಯಿಲ್. ಹಳದಿ, ಜೇನಿನ ಬಣ್ಣವಿದ್ದರೆ ಹೈಡ್ರಾಲಿಕ್ ಮತ್ತು ಗೇರ್‌ಬಾಕ್ಸಿನದು. ದಪ್ಪಗಿದ್ದು ಗಂಧಕದ ಘಾಟು ಹೊಡೆದರೆ ಗೇರ್ ಆಯಿಲ್. ನಾಲ್ಕು ಚಕ್ರದ ಡ್ರೈವ್ ಇರುವ ಗಾಡಿಯ ಮುಂದಿನ ಆಕ್ಸಲಿನಿಂದ ಬರುವುದು ಸಾಮಾನ್ಯವಾಗಿ ಇದು. ಅದಕ್ಕೂ ಲಿಫ್ಟಿಗೂ ಸಂಬಂಧವಿಲ್ಲ.

ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಮಲೆನಾಡಿನ ಮಳೆಯಲ್ಲಿ ಬಯಲಲ್ಲಿ ನಿಂತ ಗಾಡಿಗಳಲ್ಲಿ ಇದು ತೀರಾ ಮಾಮೂಲು. ಗೇರ್ ಲಿವರಿನ ರಬ್ಬರ್ ಟೊಪ್ಪಿ ಹರಿದಿದ್ದರೆ ಹನಿ ಹನಿಯಾಗಿ ಒಳಗಿಳಿಯುತ್ತದೆ. ಬಣ್ಣ ನೋಡಿ ಅನುಮಾನ ಬಗೆಹರಿಯದಿದ್ದರೆ ಅಡುಗೆಗೆ ಬಳಸದ ಹಳೆಯ ಒಗ್ಗರಣೆ ಸೌಟಿನಲ್ಲಿ ನಾಲ್ಕು ಹನಿ ಎಣ್ಣೆ ಹಾಕಿ, ಬಯಲಲ್ಲಿ, ಸಣ್ಣ ಉರಿಯಲ್ಲಿ, ಮುಖ ದೂರವಿಟ್ಟು ಬಿಸಿ ಮಾಡಿ. ಸಾಸಿವೆ ಸಿಡಿದ ಹಾಗೆ ಚಟಪಟ ಎಂದರೆ ನೀರಿದೆ. ಸದ್ದಿಲ್ಲದೆ ಹೊಗೆಯಾಡಿದರೆ ಇಲ್ಲ. ನೀರು ಸೇರಿದ ಎಣ್ಣೆಯಲ್ಲಿ ಹೊಸ ಸೀಲ್ ಹಾಕಿ ಪ್ರಯೋಜನವಿಲ್ಲ. ಶಾಫ್ಟ್ ತುಕ್ಕು ಹಿಡಿದು ಸೀಲಿನ ತುಟಿಯನ್ನು (ಶಾಫ್ಟಿಗೆ ತಾಗುವ ರಬ್ಬರ್ ಅಂಚನ್ನು) ಸವೆಸುತ್ತದೆ. ಮೊದಲು ಎಣ್ಣೆ ಬದಲಾಗಬೇಕು.

ತೊಳೆ, ಒಣಗಿಸು, ಪೌಡರ್ ಹಾಕು

ಎಣ್ಣೆ ಕೆಳಕ್ಕೂ ಹಿಂದಕ್ಕೂ ಹರಿಯುತ್ತದೆ. ಡ್ರೈನ್ ಪ್ಲಗ್ ಹತ್ತಿರ ತೊಟ್ಟಿಕ್ಕುವ ಹನಿ ಎರಡಡಿ ಮೇಲಿನ ಪೈಪಿನ ನಟ್ಟಿನಿಂದ ಹೊರಟಿರಬಹುದು. ಗಾಡಿಯನ್ನು ಡೀಸೆಲ್ ಮತ್ತು ಬ್ರಷ್‌ನಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಪ್ರೆಷರ್ ವಾಷರಿನ ನೀರನ್ನು ಬ್ರೀದರ್ (ಹೌಸಿಂಗ್‌ನ ಗಾಳಿಕಿಂಡಿ) ಮತ್ತು ಸೀಲುಗಳ ಮೇಲೆ ನೇರ ಬಿಡಬೇಡಿ. ಒಣಗಿದ ಮೇಲೆ ಅನುಮಾನವಿದ್ದ ಕಡೆಯೆಲ್ಲ ಮೈಗೆ ಹಾಕುವ ಟಾಲ್ಕಂ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಊದಿ. 15 ನಿಮಿಷ ಓಡಿಸಿ, ಎಣ್ಣೆ ಬಿಸಿಯಾದ ಮೇಲೆ ಭಾರವಿಟ್ಟು ಲಿಫ್ಟನ್ನು 10 ಸಲ ಎತ್ತಿ ಇಳಿಸಿ, ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿ. ಬಿಳಿ ಪೌಡರಿನಲ್ಲಿ ಎಣ್ಣೆಯ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಒದ್ದೆಯ ಅತಿ ಮೇಲಿನ ತುದಿಯೇ ಹೊರಡುವ ಜಾಗ.

ಮಾರಾಟಕ್ಕೆ ನಿಂತ ಗಾಡಿ ತೊಳೆದು ಫಳಫಳ ಹೊಳೆಯುತ್ತಿದ್ದರೆ, ಜೋಡಣೆಗಳ ಅಂಚಿನಲ್ಲಿ ಹೊಸ ಸಿಲಿಕೋನ್ ಉಬ್ಬಿ ನಿಂತಿದ್ದರೆ, ತಣ್ಣಗಿರುವಾಗ ನೋಡಿ ಒಪ್ಪಿಕೊಳ್ಳಬೇಡಿ. ಅರ್ಧ ಗಂಟೆ ರೋಟವೇಟರ್ ಹಾಕಿ ಓಡಿಸಿದ ಮೇಲೆ ಮತ್ತೆ ನೋಡಿ.

ಸೀಲಿಗಿಂತ ಮೊದಲು ಬ್ರೀದರ್ ನೋಡಿ

ಎರಡು ಮೂರು ಕಡೆ ಒಟ್ಟಿಗೆ ಸೋರಲು ಶುರುವಾಗಿದ್ದರೆ ಅಷ್ಟೂ ಸೀಲುಗಳು ಒಂದೇ ವಾರದಲ್ಲಿ ಸತ್ತವೆಂದು ನಂಬಬೇಡಿ. ಹೌಸಿಂಗ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗಲು ಮೇಲ್ಗಡೆ ಸಣ್ಣ ಬ್ರೀದರ್ ಇದೆ. ಕೆಲವು ಮಾಡೆಲ್‌ನಲ್ಲಿ ಎಣ್ಣೆ ತುಂಬುವ ಮುಚ್ಚಳದಲ್ಲೇ ಇರುತ್ತದೆ. ಧೂಳು ಮತ್ತು ಎಣ್ಣೆ ಸೇರಿ ಮುಚ್ಚಿಕೊಂಡರೆ ಗಾಳಿ ಸೀಲುಗಳನ್ನೇ ತಳ್ಳಿಕೊಂಡು ಹೋಗುತ್ತದೆ. ಬಿಸಿ ಗಾಡಿಯ ಮುಚ್ಚಳವನ್ನು ಬಟ್ಟೆ ಹಿಡಿದು ನಿಧಾನ ಸಡಿಲಿಸಿದಾಗ ‘ಬುಸ್’ ಎಂದರೆ ರೋಗ ಇದೇ. ಬ್ರೀದರನ್ನು ಪೆಟ್ರೋಲಿನಲ್ಲಿ ತೊಳೆದು ಬಾಯಿಯಿಂದ ಊದಿದರೆ ಸಲೀಸಾಗಿ ಗಾಳಿ ಹೋಗಬೇಕು.

ಎಣ್ಣೆ ಹೆಚ್ಚು ತುಂಬಿದ್ದರೂ ಇದೇ ಕಥೆ. ಸಮತಟ್ಟು ನೆಲದಲ್ಲಿ, ಲಿಫ್ಟ್ ಪೂರ್ತಿ ಇಳಿಸಿ, ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು. ಲಿಫ್ಟ್ ಎತ್ತಿಟ್ಟು ನೋಡಿದರೆ ಸಿಲಿಂಡರಿನೊಳಗಿನ ಎಣ್ಣೆ ಲೆಕ್ಕಕ್ಕೆ ಸಿಗದೆ ಕಡಿಮೆ ತೋರಿಸುತ್ತದೆ, ನೀವು ಸುಮ್ಮನೆ ತುಂಬುತ್ತೀರಿ.

ಟಿಪ್ಪಿಂಗ್ ಟ್ರೇಲರ್ ಇಲ್ಲಿ ಬೇರೆಯೇ ತೊಂದರೆ ತರುತ್ತದೆ. 100 ಮಿ.ಮೀ. ಒಳವ್ಯಾಸ, 900 ಮಿ.ಮೀ. ಓಟದ ಜಾಕ್ ಪೂರ್ತಿ ಏಳಲು ಸುಮಾರು 7 ಲೀಟರ್ ಎಣ್ಣೆ ಬೇಕು. ಅಷ್ಟು ಹೋದರೆ ಸಣ್ಣ ಟ್ರ್ಯಾಕ್ಟರಿನ ಪಂಪು ಗಾಳಿ ಎಳೆಯುತ್ತದೆ. ಅದಕ್ಕೆಂದು ಮೇಲಿನ ಗೆರೆ ದಾಟಿ ತುಂಬಿಟ್ಟರೆ ಟ್ರೇಲರ್ ಇಳಿದಾಗ ಎಣ್ಣೆಯೆಲ್ಲ ವಾಪಸ್ ಬಂದು ಬ್ರೀದರಿನಿಂದ ಉಕ್ಕುತ್ತದೆ. ಮೇಲಾಗಿ ಊರಿನ ನಾಲ್ಕು ಟ್ರ್ಯಾಕ್ಟರಿಗೆ ಓಡಾಡುವ ಟ್ರೇಲರ್ ಒಬ್ಬರ ಕೊಳಕು ಎಣ್ಣೆಯನ್ನು ಇನ್ನೊಬ್ಬರ ವಾಲ್ವಿಗೆ ಹೊತ್ತು ತರುತ್ತದೆ. ಸಣ್ಣ ಗಾಡಿಗೆ ಸಣ್ಣ ಜಾಕ್ ಇರುವ ಟ್ರೇಲರೇ ಸರಿ.

ಪೈಪು, ನಟ್ಟು, ವಾಷರ್

ಒತ್ತಡದ ಕಡೆಯ ಸೋರಿಕೆಯಲ್ಲಿ ಹೆಚ್ಚಿನವು ಜೋಡಣೆಗಳಲ್ಲೇ ಇರುತ್ತವೆ. ಸೋರುತ್ತಿದೆಯೆಂದು ನಟ್ಟನ್ನು ಇನ್ನಷ್ಟು, ಮತ್ತಷ್ಟು ಬಿಗಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಪೈಪಿನ ತುದಿ ಕೂರುವ ಕೋನ್ ಸೀಟು ಗೀರಾಗಿದ್ದರೆ ಬಿಗಿ ಮಾಡಿದಷ್ಟೂ ಫ್ಲೇರ್ (ಪೈಪಿನ ಅಗಲಿಸಿದ ತುದಿ) ಸೀಳುತ್ತದೆ. ಒಮ್ಮೆ ಸರಿಯಾಗಿ ಬಿಗಿದರೂ ನಿಲ್ಲದಿದ್ದರೆ ಬಿಚ್ಚಿ ನೋಡಿ.

ಬಾಂಜೋ ಬೋಲ್ಟ್ (ಎಣ್ಣೆ ಹರಿಯಲು ಒಳಗೆ ತೂತಿರುವ ಬೋಲ್ಟ್) ಇರುವ ಕಡೆ ಎರಡೂ ಪಕ್ಕ ತಾಮ್ರದ ವಾಷರ್ ಇರುತ್ತದೆ. ಹಳೆಯ ತಾಮ್ರ ಗಡುಸಾಗಿ ಕೂರುವುದಿಲ್ಲ. ಹೊಸದು ಹಾಕಿ. ಸಿಗದಿದ್ದರೆ ಹಳೆಯದನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆತ್ತಗಾಗುತ್ತದೆ (ಕಬ್ಬಿಣ ಗಡುಸಾಗುವಂತೆ ತಾಮ್ರ ಆಗುವುದಿಲ್ಲ). ಮೇಲಿನ ಕಪ್ಪು ಸಿಪ್ಪೆಯನ್ನು ನಯವಾದ ಎಮರಿ ಕಾಗದದಲ್ಲಿ ಚಪ್ಪಟೆ ಗಾಜಿನ ಮೇಲೆ ಉಜ್ಜಿ ಹಾಕಿ. ನೇರ ಥ್ರೆಡ್ಡಿನ ಅಡಾಪ್ಟರಿಗೆ ಒಳಗೆ ರಬ್ಬರ್, ಹೊರಗೆ ಲೋಹವಿರುವ ಡೌಟಿ ವಾಷರ್ ಬೇಕು.

ಪ್ಲಂಬರ್ ಬಳಸುವ ಬಿಳಿ ಟೇಪನ್ನು ಹೈಡ್ರಾಲಿಕ್‌ನಲ್ಲಿ ಸುತ್ತಲೇಬೇಡಿ. ಕೋನ್ ಮತ್ತು ಓ ರಿಂಗ್ (ರಬ್ಬರ್ ಬಳೆ) ಜೋಡಣೆಯಲ್ಲಿ ಎಣ್ಣೆ ತಡೆಯುವುದು ಥ್ರೆಡ್ ಅಲ್ಲವೇ ಅಲ್ಲ, ಹಾಗಾಗಿ ಟೇಪಿಂದ ಲಾಭ ಸೊನ್ನೆ. ನಷ್ಟ ಮಾತ್ರ ದೊಡ್ಡದು: ಅದರ ಎಳೆಯೊಂದು ಕಿತ್ತು, ಎಣ್ಣೆ ವಾಪಸ್ ಹರಿಯದಂತೆ ತಡೆಯುವ ಚೆಕ್ ವಾಲ್ವಿನ ಸೀಟಿನಲ್ಲಿ ಕೂತರೆ ಹೊರಗಿನ ಹನಿ ನಿಂತು ಲಿಫ್ಟ್ ಇಳಿಯುವ ರೋಗ ಶುರುವಾಗುತ್ತದೆ.

ಹೋಸ್ ಪೈಪಿನಲ್ಲಿ ಕ್ರಿಂಪ್ (ತುದಿಗೆ ಒತ್ತಿ ಕೂರಿಸಿದ ಲೋಹದ ಕಟ್ಟು) ಪಕ್ಕ ಉಬ್ಬು, ಬಿರುಕು, ತಂತಿ ಕಾಣುವಷ್ಟು ತಿಕ್ಕಾಟ ಇದ್ದರೆ ಬದಲಿಸಿ. ಅಂಗಡಿಗೆ ಹಳೆಯ ಹೋಸನ್ನೇ ಒಯ್ಯಿರಿ. ಉದ್ದ, ಎರಡೂ ತುದಿಯ ಥ್ರೆಡ್ ಮತ್ತು ಕೋನ್, ತುದಿಗಳು ಒಂದಕ್ಕೊಂದು ಯಾವ ಕೋನದಲ್ಲಿ ತಿರುಗಿವೆ, ಇವಿಷ್ಟನ್ನೂ ಹೊಂದಿಸಬೇಕು. ಜಪಾನ್ ಮೂಲದ ಗಾಡಿಗಳಲ್ಲಿ ಥ್ರೆಡ್ ನಮ್ಮಲ್ಲಿ ಸಿಗುವ ಬಿಎಸ್‌ಪಿ ಎಂಬ ಬ್ರಿಟಿಷ್ ಪೈಪ್ ಥ್ರೆಡ್ಡಿನಂತೆಯೇ ಹತ್ತಿದರೂ ಕೋನ್ ಬೇರೆ ಇರಬಹುದು. ಕೈಯಲ್ಲಿ ಸಲೀಸಾಗಿ ಹತ್ತಿತು ಎಂದು ಒಪ್ಪಬೇಡಿ, ಸೀಟಿನ ಮೇಲೆ ಕೂತ ಗುರುತು ಸುತ್ತಲೂ ಸಮನಾಗಿದೆಯೇ ನೋಡಿ. 3/8 ಇಂಚಿನ ಒಂದು ತಂತಿ ಪದರದ ಹೋಸ್ 180 ಬಾರ್‌ಗೆ, ಎರಡು ಪದರದ್ದು 330 ಬಾರ್‌ಗೆ ಎಂದು ಯುರೋಪಿನ ಮಾನದಂಡ ಹೇಳುತ್ತದೆ. ರಿಲೀಫ್ ಒತ್ತಡವೇ 170, 180 ಇರುವಲ್ಲಿ ಎರಡು ಪದರದ್ದೇ ಹಾಕಿಸಿ, ಬೆಲೆಯ ವ್ಯತ್ಯಾಸಕ್ಕೆ ನೋಡಬೇಡಿ. ಇಂಥ ಹೋಸನ್ನು 130 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬಾರದು. ಒತ್ತಡದ ಪೈಪಿಗೆ ಸ್ಕ್ರೂ ಕ್ಲಿಪ್ ಹಾಕುವುದಂತೂ ಅಪಾಯವೇ.

ಉಕ್ಕಿನ ಪೈಪು ಫ್ಲೇರ್ ಬುಡದಲ್ಲಿ ಸೀಳಿದ್ದರೆ ಪೈಪಿನ ಕ್ಲಾಂಪ್ ಎಲ್ಲೋ ಬಿದ್ದುಹೋಗಿದೆ ಎಂದೇ ಅರ್ಥ. ಅಲುಗಾಟವೇ ಅದನ್ನು ಮುರಿದದ್ದು. ಹಿತ್ತಾಳೆ ಬೆಸುಗೆ ಹಾಕಿಸಿದರೆ ಕೆಲವು ದಿನ ನಿಲ್ಲಬಹುದು. ಹೊಸ ಪೈಪು ಹಾಕಿ, ಕ್ಲಾಂಪನ್ನೂ ಹಾಕಿ.

ಲಿಫ್ಟ್ ತೋಳಿನ ಶಾಫ್ಟ್ ಮತ್ತು ಪಿಟಿಒ

ಸೀಟಿನ ಹಿಂದೆ ಎರಡೂ ಕಡೆ ಲಿಫ್ಟ್ ತೋಳುಗಳ ಬುಡ ಒದ್ದೆಯಾಗಿದ್ದರೆ ಅಡ್ಡ ಶಾಫ್ಟಿನ ಓ ರಿಂಗ್ ಹೋಗಿದೆ. ಬದಲಿಸುವ ಮುನ್ನ ತೋಳನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಶಾಫ್ಟೇ ಬುಷ್ಷಿನಲ್ಲಿ ಲೊಡಲೊಡ ಆಡುತ್ತಿದ್ದರೆ ಹೊಸ ಓ ರಿಂಗ್ ಒಂದು ಹಂಗಾಮೂ ಬಾಳುವುದಿಲ್ಲ, ಬುಷ್ ಜೊತೆಗೇ ಬದಲಾಗಬೇಕು. ತೋಳು ಕಳಚುವಾಗ ಸ್ಪ್ಲೈನಿನ (ಶಾಫ್ಟಿನ ಉದ್ದುದ್ದ ಹಲ್ಲುಗಳ) ಮೇಲಿನ ಗುರುತು ಹುಡುಕಿ. ಇಲ್ಲದಿದ್ದರೆ ಪಂಚ್‌ನಿಂದ ನೀವೇ ಹಾಕಿ. ಒಂದು ಹಲ್ಲು ತಪ್ಪಿ ಕೂತರೂ ಎರಡು ತೋಳು ಒಂದೇ ಮಟ್ಟಕ್ಕೆ ಏಳುವುದಿಲ್ಲ.

ಓ ರಿಂಗ್ ಕೊಳ್ಳುವಾಗ ಹಳೆಯದನ್ನು ಅಳೆಯಬೇಡಿ, ಅದು ಚಪ್ಪಟೆಯಾಗಿ ಹಿಗ್ಗಿರುತ್ತದೆ. ಅದು ಕೂರುವ, ಲೋಹದಲ್ಲಿ ಕೊರೆದ ಕಾಲುವೆಯ ಅಗಲ ಮತ್ತು ಆಳವನ್ನು ವರ್ನಿಯರಿನಲ್ಲಿ ಅಳೆದು ಒಯ್ಯಿರಿ. ನೈಟ್ರೈಲ್ ರಬ್ಬರ್ ಸಾಕು.

ಪಿಟಿಒ ಎಂದರೆ ರೋಟವೇಟರಿನಂಥ ಉಪಕರಣವನ್ನು ತಿರುಗಿಸುವ ಹಿಂಬದಿಯ ಶಾಫ್ಟ್. ಅದರ ಸೀಲ್ ಹೋಗಲು ಎರಡು ಕಾರಣ ಮೇಲಿಂದ ಮೇಲೆ ಸಿಗುತ್ತವೆ. ಒಂದು, ಶಾಫ್ಟಿಗೆ ಸುತ್ತಿಕೊಂಡ ಹಗ್ಗ, ಹುಲ್ಲು, ಗೊಬ್ಬರ ಚೀಲದ ಎಳೆ ಸೀಲಿನ ತುಟಿಯನ್ನೇ ಕೊಯ್ಯುತ್ತದೆ. ಇನ್ನೊಂದು, ರೋಟವೇಟರಿನ ಜೋಡಣೆ ಶಾಫ್ಟ್ ಉದ್ದವಾಗಿದ್ದು ಲಿಫ್ಟ್ ಏರಿಳಿಯುವಾಗ ತುದಿ ಮುಟ್ಟಿ ಪಿಟಿಒ ಶಾಫ್ಟನ್ನು ಒಳಕ್ಕೆ ಗುದ್ದುತ್ತದೆ. ಆಗ ಬೇರಿಂಗೂ ಹೋಗುತ್ತದೆ. ದೊಡ್ಡ ಟ್ರ್ಯಾಕ್ಟರಿನ ಶಾಫ್ಟನ್ನು ಮಿನಿಗೆ ಹಾಕಿದಾಗ ಆಗುವುದು ಇದೇ.

ಸೀಲಿನ ಅಳತೆ ಅದರ ಮೈಮೇಲೇ ಇರುತ್ತದೆ. 35-52-7 ಎಂದಿದ್ದರೆ ಶಾಫ್ಟ್ 35, ಹೊರವ್ಯಾಸ 52, ದಪ್ಪ 7 ಮಿ.ಮೀ. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಬೇಕು. ಹಳೆಯ ಸೀಲ್ ತೆಗೆದ ಮೇಲೆ ಶಾಫ್ಟಿನ ಮೇಲೆ ಉಗುರು ಓಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲನ್ನು 1ರಿಂದ 2 ಮಿ.ಮೀ. ಒಳಗೆ ಅಥವಾ ಹೊರಗೆ ಕೂರಿಸಿ, ತುಟಿ ಹೊಸ ಜಾಗದಲ್ಲಿ ಕೂರಲಿ. ಅದಕ್ಕೆ ಎಡೆಯಿಲ್ಲದಿದ್ದರೆ ಶಾಫ್ಟಿನ ಮೇಲೆ ತೆಳು ಉಕ್ಕಿನ ಕೊಳವೆ (ಸ್ಲೀವ್) ಹಾಕಿಸಬೇಕು. ಸ್ಪ್ಲೈನ್ ಮೇಲೆ ಸೀಲ್ ದಾಟಿಸುವಾಗ ಹಾಲಿನ ಪ್ಯಾಕೆಟ್ ಕತ್ತರಿಸಿ ಸುತ್ತಿ, ಎಣ್ಣೆ ಸವರಿ, ಅದರ ಮೇಲೆ ಜಾರಿಸಿ. ಈ ಒಂದು ತುಂಡು ಪ್ಲಾಸ್ಟಿಕ್ ಇಲ್ಲದೆ ಹಾಕಿದ ಹೊಸ ಸೀಲುಗಳು ಮೊದಲ ದಿನವೇ ಸೋರುವುದುಂಟು. ಸುತ್ತಿಗೆಯಿಂದ ಒಂದೊಂದೇ ಪಕ್ಕ ಹೊಡೆಯದೆ, ಸೀಲಿನ ಹೊರ ಅಂಚಿಗೆ ಸರಿಹೋಗುವ ಪೈಪಿನ ತುಂಡಿಟ್ಟು ಸಮನಾಗಿ ಕೂರಿಸಿ.

ಹೊರಗೆ ಹನಿಯಿಲ್ಲ, ಎಣ್ಣೆ ಮಾತ್ರ ಕಡಿಮೆ

ಹಲವು ಗಾಡಿಗಳಲ್ಲಿ ಪಂಪನ್ನು ಎಂಜಿನ್ನಿನ ಟೈಮಿಂಗ್ ಗೇರೇ ತಿರುಗಿಸುತ್ತದೆ. ಪಂಪಿನ ಶಾಫ್ಟ್ ಸೀಲ್ ಹೋದರೆ ಹೈಡ್ರಾಲಿಕ್ ಎಣ್ಣೆ ಎಂಜಿನ್ನಿನೊಳಗೆ ಇಳಿಯುತ್ತದೆ. ಎಂಜಿನ್ ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಏರುತ್ತಾ, ಹೈಡ್ರಾಲಿಕ್ ಡಿಪ್‌ಸ್ಟಿಕ್‌ನಲ್ಲಿ ಇಳಿಯುತ್ತಾ ಹೋದರೆ ಇನ್ನೇನೂ ಹುಡುಕಬೇಕಿಲ್ಲ. ಏರಿದ ಎಂಜಿನ್ ಆಯಿಲ್ ಡೀಸೆಲ್ ವಾಸನೆ ಹೊಡೆದರೆ ಮಾತ್ರ ಅದು ಡೀಸೆಲ್ ಸೇರುತ್ತಿರುವ ಬೇರೆ ದೋಷ. ಪಂಪ್ ಬಿಚ್ಚಿ ಶಾಫ್ಟನ್ನು ಅಡ್ಡಡ್ಡ ಅಲುಗಿಸಿ ನೋಡಿ. ಆಟವಿದ್ದರೆ ಒಳಗಿನ ಬುಷ್ ಸವೆದಿದೆ, ಸೀಲ್ ಒಂದನ್ನೇ ಹಾಕಿದರೆ ಮತ್ತೆ ಹೋಗುತ್ತದೆ. ದುರಸ್ತಿಯ ನಂತರ ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್ ಬದಲಿಸದೆ ಸ್ಟಾರ್ಟ್ ಮಾಡಬೇಡಿ.

ಕ್ಲಚ್ ಹೌಸಿಂಗಿನ ತಳದ ತೂತಿನಿಂದ ಎಣ್ಣೆ ಬಂದರೆ ಮೇಲೆ ಹೇಳಿದ ಕಾಗದದ ಪರೀಕ್ಷೆ ಮಾಡಿ. ಕಪ್ಪಾದರೆ ಎಂಜಿನ್ನಿನ ಹಿಂದಿನ ಸೀಲ್, ಹಳದಿಯಾದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್. ಎರಡಕ್ಕೂ ಟ್ರ್ಯಾಕ್ಟರನ್ನು ನಡುವೆ ಬಿಡಿಸಬೇಕು. ಕೂಲಿಯೇ ದೊಡ್ಡದಾದ್ದರಿಂದ ಒಮ್ಮೆ ಬಿಡಿಸಿದಾಗ ಎರಡೂ ಸೀಲ್ ಹಾಕಿ, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ನೋಡಿಯೇ ಮುಚ್ಚಿ.

ಎತ್ತಿದ ಲಿಫ್ಟ್ ತಾನಾಗಿ ಇಳಿಯುತ್ತದೆ

ಇದು ಒಳಗಿನ ಸೋರಿಕೆ. ಎಂಜಿನ್ ಓಡುವಾಗ ರೋಟವೇಟರ್ ತಲೆಯಾಡಿಸಿದಂತೆ ಮೇಲೆ ಕೆಳಗೆ ಕುಣಿಯುತ್ತದೆ, ಎಂಜಿನ್ ನಿಲ್ಲಿಸಿದರೆ ನಿಧಾನ ಇಳಿಯುತ್ತದೆ. ಕುಣಿತಕ್ಕೆ ಕಾರಣವಿಷ್ಟೇ: ಸೋರಿದಷ್ಟು ತೋಳು ಇಳಿಯುತ್ತದೆ, ವಾಲ್ವ್ ಅದನ್ನು ಮತ್ತೆ ಎತ್ತುತ್ತದೆ.

ಲಿಫ್ಟ್ ಇಳಿಯುವ ವೇಗ ಹೊಂದಿಸುವ ತಿರುಗುಗುಬ್ಬಿ ಸೀಟಿನ ಕೆಳಗಿರುತ್ತದೆ. ಬಹಳ ಮಾಡೆಲ್‌ಗಳಲ್ಲಿ ಅದು ಕಂಟ್ರೋಲ್ ವಾಲ್ವಿಗೂ ಸಿಲಿಂಡರಿಗೂ ನಡುವೆ ಕೂತಿದೆ. ಅದೇ ನಮ್ಮ ಪರೀಕ್ಷೆಯ ಸಾಧನ. ಎಣ್ಣೆ ಬಿಸಿ ಮಾಡಿ, ರೋಟವೇಟರ್ ಪೂರ್ತಿ ಎತ್ತಿ, ಲಿವರ್ ಮೇಲೇ ಬಿಟ್ಟು ಎಂಜಿನ್ ನಿಲ್ಲಿಸಿ. ನೆಲದಿಂದ ಕೆಳ ತೋಳಿನ ಗುಂಡಿನವರೆಗೆ ಟೇಪಿನಲ್ಲಿ ಅಳೆದು, 10 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಈಗ ಮತ್ತೆ ಎತ್ತಿ, ಗುಬ್ಬಿಯನ್ನು ಪೂರ್ತಿ ಮುಚ್ಚಿ, ಅದೇ 10 ನಿಮಿಷ. ಮುಚ್ಚಿದ ಮೇಲೆ ಇಳಿಯುವುದು ನಿಂತರೆ ಸಿಲಿಂಡರ್ ಚೆನ್ನಾಗಿದೆ, ದೋಷ ಕಂಟ್ರೋಲ್ ವಾಲ್ವಿನಲ್ಲಿದೆ. ಮುಚ್ಚಿದರೂ ಅಷ್ಟೇ ವೇಗದಲ್ಲಿ ಇಳಿದರೆ ಪಿಸ್ಟನ್ ಸೀಲ್, ಇಲ್ಲವೇ ಸಿಲಿಂಡರ್ ತಲೆಯ ಸುರಕ್ಷಾ ವಾಲ್ವ್. ಗಂಟೆಗೆ ಒಂದೆರಡು ಇಂಚು ಇಳಿದರೆ ಹಳೆಯ ಗಾಡಿಗೆ ಅದು ರೋಗವೇ ಅಲ್ಲ. 5 ನಿಮಿಷದಲ್ಲಿ ನೆಲ ಮುಟ್ಟಿದರೆ ಬಿಚ್ಚಲೇಬೇಕು. ಕೆಲವು ಮಾಡೆಲ್‌ಗಳಲ್ಲಿ ಭಾರ ಎತ್ತಿಟ್ಟು, ದಿಮ್ಮಿ ಕೊಟ್ಟು, ತುಂಬುವ ಬಾಯಿಯಿಂದ ಟಾರ್ಚ್ ಬಿಟ್ಟರೆ ಸಿಲಿಂಡರಿನ ತೆರೆದ ಬಾಯಿಂದ ಎಣ್ಣೆ ಇಳಿಯುವುದೇ ಕಾಣುತ್ತದೆ. ದಿಮ್ಮಿ ಭಾರವನ್ನು ಹೊರದಂತೆ ಒಂದಿಂಚು ಕೆಳಗಿರಲಿ.

ರಿಲೀಫ್ ವಾಲ್ವಿಗೆ ವಾಷರ್ ಕೊಟ್ಟು ಒತ್ತಡ ಏರಿಸುವುದು ಇದಕ್ಕೆ ಮದ್ದಲ್ಲ. ಸೋರುವ ಸೀಲ್ ಇನ್ನಷ್ಟು ಸೋರುತ್ತದೆ, ಕೊನೆಗೆ ಪಂಪಿನ ಹೊಟ್ಟೆಯೋ ಪೈಪೋ ಒಡೆಯುತ್ತದೆ.

ಲಿಫ್ಟ್ ಕವರ್ ಎತ್ತಲು ಸೀಟು, ಲಿಂಕುಗಳನ್ನು ಕಳಚಿ, ಸುತ್ತಿನ ಬೋಲ್ಟ್ ಬಿಚ್ಚಿ, ಚೈನ್ ಪುಲ್ಲಿ ಕಟ್ಟಿ ನೇರ ಎತ್ತಬೇಕು. ಭಾರಿ ಎರಕ ಅದು, ಇಬ್ಬರು ಹಿಡಿದು ಎತ್ತುವ ಸಾಹಸ ಬೇಡ. ಕಂಟ್ರೋಲ್ ಕಡ್ಡಿಗಳ ಫೋಟೋ ತೆಗೆದುಕೊಂಡು ಬಿಚ್ಚಿ. ಪಿಸ್ಟನ್ ಹೊರಬಂದ ಮೇಲೆ ಸಿಲಿಂಡರಿನ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಉದ್ದುದ್ದ ಗೀರುಗಳು ಉಗುರಿಗೆ ಸಿಕ್ಕರೆ ಹೋನಿಂಗ್ (ಒಳಮೈ ಉಜ್ಜಿ ನಯ ಮಾಡುವುದು) ಮಾಡಿಸಬೇಕು, ಆಳವಾಗಿದ್ದರೆ ಸಿಲಿಂಡರೇ ಬದಲಾಗಬೇಕು.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಪಿಸ್ಟನ್ನಿನ ಒಂದೇ ಕಾಲುವೆಯಲ್ಲಿ ರಬ್ಬರಿನ ಓ ರಿಂಗ್ ಮತ್ತು ಚಪ್ಪಟೆ ಬ್ಯಾಕಪ್ ರಿಂಗ್ ಎರಡೂ ಕೂರುತ್ತವೆ. ಎಣ್ಣೆ ತಳ್ಳುವ ಕಡೆಗೆ, ಅಂದರೆ ಸಿಲಿಂಡರಿನ ಮುಚ್ಚಿದ ತಲೆಯ ಕಡೆಗೆ ಓ ರಿಂಗ್. ತಳ್ಳುಕಡ್ಡಿ ಇರುವ ತೆರೆದ ಬಾಯಿಯ ಕಡೆಗೆ ಬ್ಯಾಕಪ್ ರಿಂಗ್. ಒತ್ತಡ ಬಿದ್ದಾಗ ರಬ್ಬರ್ ಸಂದಿಗೆ ನುಗ್ಗದಂತೆ ಬೆನ್ನಿಗೆ ನಿಲ್ಲುವುದು ಆ ಚಪ್ಪಟೆ ರಿಂಗು. ತಿರುವುಮುರುವಾಗಿ ಹಾಕಿದರೆ ಓ ರಿಂಗಿನ ಅಂಚು ಇಲಿ ಕಡಿದಂತೆ ಚೂರುಚೂರಾಗಿ ಹೋಗುತ್ತದೆ. ಹಳೆಯ ಓ ರಿಂಗ್ ಹಾಗೆ ಕಡಿದಂತಿದ್ದರೆ ಹಿಂದಿನವರು ಉಲ್ಟಾ ಹಾಕಿದ್ದರೋ, ಹಾಕದೇ ಬಿಟ್ಟಿದ್ದರೋ ನೋಡಿ.

ದೋಷ ವಾಲ್ವಿನಲ್ಲಿದೆ ಎಂದಾದರೆ ಮೊದಲು ಚೆಕ್ ವಾಲ್ವಿನ ಸೀಟಿನಲ್ಲಿ ಕಸ ಇದೆಯೇ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಸ್ಪೂಲ್ (ವಾಲ್ವಿನೊಳಗೆ ಸರಿದಾಡುವ ಉಕ್ಕಿನ ದಂಡ) ಮತ್ತು ಅದರ ತೂತು ಒಂದಕ್ಕೊಂದು ಹೊಂದಿಸಿ ಉಜ್ಜಿದ ಜೋಡಿ. ಸ್ಪೂಲ್ ಗೀರಾಗಿದ್ದರೆ ಅದೊಂದನ್ನೇ ತಂದು ಹಾಕಲು, ಎಮರಿ ಹಾಕಿ ಉಜ್ಜಲು ಹೋಗಬೇಡಿ. ಪೂರ್ತಿ ವಾಲ್ವ್ ಬದಲಿಸಿ.

ಗಾಳಿ ಎಳೆಯುವ ಪಂಪು

ಲಿಫ್ಟ್ ಜರ್ಕ್ ಹೊಡೆದು ಏಳುವುದು, ಪಂಪಿನಿಂದ ಸೀಟಿ ಹೊಡೆದಂಥ ಕಿರುಚು, ಡಿಪ್‌ಸ್ಟಿಕ್ಕಿನಲ್ಲಿ ನೊರೆ, ಈ ಮೂರೂ ಕೂಡಿದ್ದರೆ ಎಳೆತದ ಪೈಪು ನೋಡಿ. ಎಂಜಿನ್ ಓಡುತ್ತಿರುವಾಗ ಒಂದೊಂದೇ ಜೋಡಣೆಗೆ ಗ್ರೀಸ್ ಬಳಿಯಿರಿ. ಫ್ಯಾನು, ಬೆಲ್ಟು ಹತ್ತಿರವಿದ್ದರೆ ಉದ್ದ ಬ್ರಷ್ ಬೇಕು. ಯಾವ ಜೋಡಣೆಗೆ ಬಳಿದಾಗ ಕಿರುಚು ತಗ್ಗುತ್ತದೋ ಗಾಳಿ ಅಲ್ಲೇ ನುಗ್ಗುತ್ತಿದೆ. ಅಲ್ಲಿ ರೇಡಿಯೇಟರ್ ಹೋಸಿನ ತುಂಡು ಹಾಕಿದ್ದರೆ ಕಿತ್ತೆಸೆಯಿರಿ. ಅದು ನೀರಿನ ರಬ್ಬರ್, ಎಣ್ಣೆಗೆ ಉಬ್ಬಿ ಮೆತ್ತಗಾಗಿ ಒಳಮುಖ ಕುಸಿಯುತ್ತದೆ. ಜಾಲರಿ ಫಿಲ್ಟರ್ ಕಟ್ಟಿದ್ದರೂ ಇದೇ ಸದ್ದು ಬರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಹೆಚ್ಚು ಕಿರುಚಿ ಬಿಸಿಯಾದಾಗ ಸುಧಾರಿಸಿದರೆ ಫಿಲ್ಟರ್ ಅಥವಾ ದಪ್ಪ ಎಣ್ಣೆ. ತಣ್ಣಗೆ ಚೆನ್ನಾಗಿ ಎತ್ತಿ, ಬಿಸಿಯಾದ ಮೇಲೆ ಸೋತರೆ ಪಂಪೋ ಸೀಲೋ ಸವೆದಿದೆ.

ಮುಚ್ಚುವುದು, ತುಂಬುವುದು

ಜೋಡಣೆಯ ಎರಡೂ ಮುಖದ ಹಳೆಯ ಪ್ಯಾಕಿಂಗನ್ನು ಗೀರಾಗದಂತೆ ಕೆರೆದು, ಥಿನ್ನರ್ ಹಾಕಿ ಒರೆಸಿ. ಪ್ಯಾಕಿಂಗ್ ಪೇಪರ್ ಇರುವಲ್ಲಿ ಪೇಪರೇ ಹಾಕಿ. ಸಿಲಿಕೋನ್ ಬಳಸುವಲ್ಲಿ 2 ಮಿ.ಮೀ.ಗಿಂತ ದಪ್ಪ ಎಳೆ ಬೇಡ. ಒಳಗೆ ಹಿಂಡಿಹೋದದ್ದು ಕಿತ್ತು ನೇರ ಜಾಲರಿಗೆ ಹೋಗಿ ಕೂರುತ್ತದೆ. ಎರಕದ ಕಬ್ಬಿಣಕ್ಕೆ ಹಾಕುವ 8.8 ದರ್ಜೆಯ ಬೋಲ್ಟುಗಳಿಗೆ ಎಂ8ಕ್ಕೆ ಸುಮಾರು 25, ಎಂ10ಕ್ಕೆ ಸುಮಾರು 48 ನ್ಯೂಟನ್ ಮೀಟರ್ ಸಾಕು. ಗಾಡಿಯ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ.

ಎಣ್ಣೆಯೂ ಮ್ಯಾನುಯಲ್ ಹೇಳಿದ ದರ್ಜೆಯದೇ ಇರಲಿ. ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇದ್ದರೆ ಅದಕ್ಕೆಂದೇ ಇರುವ ವೆಟ್ ಬ್ರೇಕ್ ಎಣ್ಣೆ ಬೇಕು. ಸಾದಾ 90 ಗೇರ್ ಆಯಿಲ್ ಸುರಿದರೆ ಬ್ರೇಕ್ ಕೂಗುತ್ತದೆ. ಸೋರಿಕೆ ನಿಲ್ಲಿಸಲೆಂದು ಬ್ರೇಕ್ ಫ್ಲೂಯಿಡ್ ಬೆರೆಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ನೈಟ್ರೈಲ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಡೀಸೆಲ್ ತುಂಬಿ ಪಂಪ್ ಓಡಿಸಿ ಒಳಗೆ ತೊಳೆಯುವುದೂ ಬೇಡ, ಜಿಡ್ಡಿಲ್ಲದೆ ಪಂಪಿನ ಗೇರುಗಳು ಉಜ್ಜಿಕೊಳ್ಳುತ್ತವೆ. ನೀರು ಸೇರಿದ್ದರೆ ಬಿಸಿಯಿದ್ದಾಗ ಬಸಿದು, ಅದೇ ದರ್ಜೆಯ ಎಣ್ಣೆ ತುಂಬಿ ಒಂದು ಗಂಟೆ ಓಡಿಸಿ, ಮತ್ತೆ ಬಸಿದು ಹೊಸದು ತುಂಬಿ.

ಸ್ಟಾರ್ಟ್ ಮಾಡಿದ ಮೇಲೆ ಐಡಲ್‌ನಲ್ಲೇ, ಭಾರವಿಲ್ಲದೆ, ಲಿಫ್ಟನ್ನು ಹತ್ತು ಹನ್ನೆರಡು ಸಲ ಏರಿಸಿ ಇಳಿಸಿ ಗಾಳಿ ಬಿಡಿಸಿ. ಆಮೇಲೆ ಲೆವೆಲ್ ನೋಡಿ. ಭಾರ ಹಾಕಿ ಮತ್ತೆ ಪೌಡರ್ ಪರೀಕ್ಷೆ ಮಾಡಿ. 10 ಗಂಟೆ ಕೆಲಸವಾದ ಮೇಲೆ ಜಾಲರಿ ಫಿಲ್ಟರ್ ಬಿಚ್ಚಿ ತೊಳೆಯಿರಿ: ಅದರಲ್ಲಿ ಸಿಲಿಕೋನ್ ಚೂರು ಸಿಕ್ಕರೆ ಹಿಂದಿನವರು ಹಚ್ಚಿದ್ದು ಇನ್ನೂ ಒಳಗಿದೆ, ಮಿನುಗುವ ಲೋಹದ ಪುಡಿ ಸಿಕ್ಕರೆ ಮುಂದೆ ಬಿಚ್ಚಬೇಕಾದ್ದು ಪಂಪು ಅಥವಾ ಬೇರಿಂಗು.